ತಮ್ಮ ಊರನ್ನೇ ಗೂಗಲ್‌ನಲ್ಲಿ ಹುಡುಕಿದ ಮಕ್ಕಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಕಾಲೇಜು ಹುಡುಗ ಹುಡುಗಿಯರಿಗೆ ಅಂತರ್ಜಾಲದಲ್ಲಿ ಕನ್ನಡ ಬರೆಯುವುದನ್ನು ಕಲಿಸುವ ಶಿಬಿರವೊಂದರಲ್ಲಿ ನಾವೂ ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಬೆಳಗ್ಗೆ ಯುನಿಕೋಡ್ ಎಂದರೇನು, ಕೀಲಿಮಣೆ ಬಳಸುವುದು ಹೇಗೆ ಎಂದು ಹೇಳಿಕೊಟ್ಟರು. ಮಧ್ಯಾಹ್ನ, ನಿಮ್ಮ ನಿಮ್ಮ ಊರಿನ ಬಗ್ಗೆ ಒಂದು ಪುಟ ಬರೆಯಿರಿ ಎಂದರು. ಮಕ್ಕಳು ಮಾಡಿದ ಮೊದಲ ಕೆಲಸವೆಂದರೆ ಮೊಬೈಲು ತೆಗೆದು ತಮ್ಮ ಊರಿನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದ್ದು. ಹರಪನಹಳ್ಳಿಯವರಿಗೆ ಅಲ್ಲೇ ಗೊಂದಲ. ಒಂದು ಪುಟ ಬಳ್ಳಾರಿ ಜಿಲ್ಲೆ ಎಂದಿತು, ಇನ್ನೊಂದು ದಾವಣಗೆರೆ, ಮತ್ತೊಂದು ವಿಜಯನಗರ. ಮೂರೂ ಸುಳ್ಳಲ್ಲ. 1997ರಲ್ಲಿ ದಾವಣಗೆರೆಗೆ ಹೋದ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಮನೆಯಲ್ಲಿ ಅಜ್ಜನನ್ನು ಕೇಳಿದ್ದರೆ, ಒಂದು ಪಹಣಿಗಾಗಿ ಎಲ್ಲೆಲ್ಲಿ ಅಲೆದೆ ಎಂಬ ಕತೆಯ ಸಮೇತ ಹೇಳುತ್ತಿದ್ದ.

ಇದು ಮಕ್ಕಳ ತಪ್ಪಲ್ಲ. ಜ್ಞಾನವೆಂಬುದು ಆಗಲೇ ಎಲ್ಲೋ ಇದೆ, ಅದನ್ನು ಕನ್ನಡಕ್ಕೆ ಇಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ ಎಂಬ ನಂಬಿಕೆ ಇಂಥ ತರಬೇತಿಗಳ ಬುಡದಲ್ಲೇ ಇದೆ. 2009ರ ನಂತರದ ಎರಡು ಮೂರು ವರ್ಷ ಗೂಗಲ್ ಸಂಸ್ಥೆ ತನ್ನ ಅನುವಾದ ಉಪಕರಣದ ಮೂಲಕ ಕನ್ನಡ, ತಮಿಳು, ತೆಲುಗು ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳನ್ನು ರಾಶಿಗಟ್ಟಲೆ ತುಂಬಿಸಿತು. ವಾಕ್ಯಗಳೆಲ್ಲ ಇಂಗ್ಲಿಷಿನ ಬೆನ್ನೆಲುಬಿನ ಮೇಲೆ ಕನ್ನಡದ ಚರ್ಮ ಹೊದ್ದಿದ್ದವು. ಬಂಗಾಳಿಯವರು ಇದನ್ನು ಬೇಡವೆಂದರು, ತಮಿಳರು ಲೆಕ್ಕ ಕೇಳಿದರು. ಅದೇ ಹೊತ್ತಿಗೆ ಪೂರ್ವ ಆಫ್ರಿಕಾದ ಕೀನ್ಯಾ, ತಾಂಜಾನಿಯಾಗಳಲ್ಲಿ ವಿದ್ಯಾರ್ಥಿಗಳಿಗೆ ಬಹುಮಾನದ ಆಸೆ ತೋರಿಸಿ ಸ್ವಾಹಿಲಿಯಲ್ಲಿ ಬರೆಸುವ ಸ್ಪರ್ಧೆ ನಡೆಯಿತು. ಎರಡು ಕಡೆಯೂ ಎಣಿಸಿದ್ದು ಲೇಖನಗಳ ಸಂಖ್ಯೆಯನ್ನೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು ಮೂವತ್ತು ಸಾವಿರ ದಾಟಿವೆ. ಸಂತೋಷವೇ. ಆದರೆ ಅದರಲ್ಲಿ ವಿಜಯಪುರ ಜಿಲ್ಲೆಯ ಹಳ್ಳಿಗಳ ಪುಟಗಳನ್ನು ಸಾಲಾಗಿ ಓದಿದರೆ, ಎಷ್ಟೋ ಕಡೆ ಊರಿನ ಹೆಸರೊಂದು ಬದಲಾಗಿ ಬೆಳೆ, ಹಬ್ಬ, ಹವಾಮಾನ ಎಲ್ಲವೂ ಅದೇ ಅಚ್ಚಿನಲ್ಲಿ ಬಂದಿರುವುದು ಕಾಣುತ್ತದೆ. ಹಬ್ಬಗಳ ಪಟ್ಟಿಯ ಕೊನೆಯಲ್ಲಿ ಉರುಸು, ಮೊಹರಂ ಎಂಬ ಎರಡು ಪದಗಳೂ ಇರುತ್ತವೆ. ಅಷ್ಟೇ.

ಆ ಎರಡು ಪದಗಳ ಹಿಂದೆ ಈ ಐದು ತಾಲ್ಲೂಕುಗಳಲ್ಲಿ ಎಷ್ಟೊಂದಿದೆ! ಒಂದೆರಡೇ ಮುಸ್ಲಿಂ ಮನೆಗಳಿರುವ ಊರಿನಲ್ಲೂ ಪೀರಲ ದೇವರು ಕೂರುತ್ತವೆ. ಅಲಾಯಿ ಕುಣಿ ತೋಡುವವರು ಒಬ್ಬರು, ಹಲಗೆ ಬಾರಿಸುವವರು ಇನ್ನೊಬ್ಬರು, ಹೆಜ್ಜೆ ಹಾಕುವವರು ಊರಿನವರೆಲ್ಲ. ಕರ್ಬಲಾದ ಕತೆಯನ್ನು ರಿವಾಯತ್ ಪದಗಳಾಗಿ ಕನ್ನಡದಲ್ಲಿ ಕಟ್ಟಿ ಹಾಡಿದವರಲ್ಲಿ ಎಷ್ಟೋ ಮಂದಿ ಕುರಾನು ಓದಿದವರಲ್ಲ, ಶಾಲೆಗೆ ಹೋದವರೂ ಅಲ್ಲ. ಅರಬ್ ದೇಶದ ಒಂದು ದುಃಖವನ್ನು ಸ್ಥಳೀಯ ಭಾಷೆಗೆ ತಂದುಕೊಳ್ಳಲು ಅವರಿಗೆ ಯಾವ ತರಬೇತಿಯೂ ಬೇಕಾಗಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಂತೂ ಗೊರವಯ್ಯ ವರ್ಷಕ್ಕೊಮ್ಮೆ ಬಿಲ್ಲೇರಿ ಒಂದೇ ಒಂದು ಸಾಲು ನುಡಿಯುತ್ತಾನೆ, ಮರುದಿನ ನಾಡೆಲ್ಲ ಕುಳಿತು ಅದರ ಅರ್ಥ ಬಿಡಿಸುತ್ತದೆ. (ಚುಟುಕಾಗಿ ಬರೆಯುವುದನ್ನು ಈ ಸೀಮೆಯವರಿಗೆ ಫೇಸ್‌ಬುಕ್ಕು ಕಲಿಸಬೇಕಿಲ್ಲ.)

ಶಿಬಿರದಲ್ಲಿ ಹಡಗಲಿ ಕಡೆಯ ಹುಡುಗಿಯೊಬ್ಬಳು ಎದ್ದು, 'ನಮ್ಮಜ್ಜ ಅಲಾಯಿ ಪದ ಹಾಡ್ತಾನ್ರೀ ಸರ್, ಅವ್ನು ಹೇಳಿದ್ದು ಹಾಕಬೌದಾ?' ಎಂದು ಕೇಳಿದಳು. ತರಬೇತುದಾರರು ಒಳ್ಳೆಯವರೇ. 'ಅಚ್ಚಾದ ಆಧಾರ ಬೇಕಮ್ಮ, ಪುಸ್ತಕವೋ ಪತ್ರಿಕೆಯೋ' ಎಂದರು. ಅವಳು ಕುಳಿತಳು.

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ, ಬಾಯಿಗೆ ಬಂದದ್ದನ್ನೆಲ್ಲ ಬರೆಯಬಾರದು ಎಂಬ ಎಚ್ಚರ ಅದರಲ್ಲಿದೆ. ಆದರೆ ಅಚ್ಚೇ ಪ್ರಮಾಣವಾದರೆ, ಅಚ್ಚಾಗದ ಜನ ಜ್ಞಾನದ ಲೆಕ್ಕಕ್ಕೇ ಬರುವುದಿಲ್ಲ. ಬೆಂಗಳೂರಿನ ಅಚಲ್ ಪ್ರಭಾಲ ಮತ್ತು ಗೆಳೆಯರು 2011ರಲ್ಲಿ 'ಪೀಪಲ್ ಆರ್ ನಾಲೆಡ್ಜ್' ಎಂಬ ಚಿತ್ರ ಮಾಡಿ ಈ ಗಂಟನ್ನೇ ಬಿಚ್ಚಲು ನೋಡಿದರು. ಮಲಯಾಳಂ, ಹಿಂದಿ, ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೆಗಳ ಹಳ್ಳಿಗರನ್ನು ಮಾತನಾಡಿಸಿ, ಆ ಧ್ವನಿಮುದ್ರಣವನ್ನೇ ಆಧಾರವಾಗಿ ಕೊಟ್ಟು ವಿಕಿಪೀಡಿಯ ಲೇಖನ ಬರೆಯುವ ಪ್ರಯೋಗವದು. ಅಡುಗೆ, ಆಟ, ಆಚರಣೆಗಳಂಥ ಎಲ್ಲರೂ ಬಲ್ಲ ಆದರೆ ಯಾರೂ ಅಚ್ಚು ಮಾಡದ ಸಂಗತಿಗಳನ್ನು ಅವರು ಆರಿಸಿಕೊಂಡರು. ನಮಗೆ ಈ ದಾರಿ ಬಹಳ ಹಿಡಿಸಿತು. ಒಂದು ತಕರಾರೂ ಉಂಟು. ಊರಿನಲ್ಲಿ ಮೈಕು ಹಿಡಿದರೆ ಮುಂದೆ ಬರುವವರು ಗೌಡರು, ಮುತವಲ್ಲಿಗಳು, ಪೂಜಾರಿಗಳು. ಕುಣಿ ತೋಡಿದವನು ಹಿಂದೆಯೇ ನಿಲ್ಲುತ್ತಾನೆ, ಹೆಂಗಸರು ಒಳಗೇ ಉಳಿಯುತ್ತಾರೆ. ಯಾರನ್ನು ಕೇಳಬೇಕು, ಒಬ್ಬರು ಹೇಳಿದ್ದನ್ನು ಇನ್ನಿಬ್ಬರಲ್ಲಿ ಹೇಗೆ ಪರೀಕ್ಷಿಸಬೇಕು ಎಂಬುದೇ ತರಬೇತಿಯ ಮುಖ್ಯ ಪಾಠವಾಗಬೇಕಿತ್ತು. ಕೀಲಿಮಣೆಗೆ ಅರ್ಧ ತಾಸು ಸಾಕು. ರಹಮತ್ ತರೀಕೆರೆಯವರು ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಬರೆದದ್ದು ಊರೂರು ತಿರುಗಿ ಜನರ ಬಾಯಿಂದ ಕೇಳಿದ ಮೇಲೆ. ಅವರು ಪಾಠ ಮಾಡಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈಗ ಈ ತಾಲ್ಲೂಕುಗಳ ಜಿಲ್ಲೆಯೊಳಗೇ ಇದೆ.

ಭಾಷೆಯ ಮಾತೂ ಇದೆ. ಶಿಬಿರದಲ್ಲಿ ಮಕ್ಕಳು 'ಐತಿ' ಎಂದು ಬರೆದದ್ದನ್ನೆಲ್ಲ 'ಇದೆ' ಎಂದು ತಿದ್ದಲಾಯಿತು. ವಿಶ್ವಕೋಶಕ್ಕೆ ಶಿಷ್ಟ ಕನ್ನಡ ಬೇಕು, ಒಪ್ಪೋಣ. ಆದರೆ ಜಾಲದಲ್ಲಿ ಬರೆಯಲು ವಿಶ್ವಕೋಶವೊಂದೇ ಜಾಗವಲ್ಲವಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಈ ಸೀಮೆಯ ಮಾತನ್ನೇ ಬಳಸಿ ಬರೆದ 'ಅರಮನೆ'ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೀಚಿಯವರು ಹುಟ್ಟಿದ್ದು ಹರಪನಹಳ್ಳಿಯಲ್ಲಿ, 1913ರಲ್ಲಿ. ಇಂಥ ಊರಿನ ಮಕ್ಕಳಿಗೆ ತಮ್ಮ ಮಾತು ತಪ್ಪು ಎಂಬ ಪಾಠ ಮೊದಲ ದಿನವೇ ಏಕೆ? ಇನ್ನು ಮನೆಯಲ್ಲಿ ದಖನಿ ಆಡುವ ಮುಸ್ಲಿಂ ಹುಡುಗ, ತಾಂಡಾದಿಂದ ಬಂದ ಲಂಬಾಣಿ ಹುಡುಗಿ, ಇವರ ಮನೆಮಾತಿನ ಹೆಸರೇ ಆ ದಿನ ಬರಲಿಲ್ಲ. ಕನ್ನಡ ಲಿಪಿಯಲ್ಲಿ ಅವನ್ನೂ ಬರೆಯಬಹುದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಈ ಮಕ್ಕಳು ಬರೆಯದಿದ್ದರೆ ಜಾಗ ಖಾಲಿ ಉಳಿಯುವುದಿಲ್ಲ. ದರ್ಗಾ, ಮಠ, ಗುಡಿಗಳ ಬಗ್ಗೆ ಊರನ್ನೇ ಕಾಣದವರು ಬರೆದ ಸಂದೇಶಗಳು ವಾಟ್ಸಾಪಿನಲ್ಲಿ ದಿನವೂ ಬಂದು ಬೀಳುತ್ತಿವೆ. ಒಳ್ಳೆಯ ಕನ್ನಡದಲ್ಲೇ ಬರುತ್ತಿವೆ. ನಮ್ಮವರಲ್ಲೂ ಕೆಲವರು, ಪೀರಲ ಹಬ್ಬ ಧರ್ಮದಲ್ಲಿಲ್ಲ, ಅದನ್ನೇಕೆ ಬರೆಯಬೇಕು ಎಂದು ಮುಖ ತಿರುಗಿಸುತ್ತಾರೆ. ಧರ್ಮದಲ್ಲಿದೆಯೋ ಇಲ್ಲವೋ ಎಂಬ ಚರ್ಚೆ ಬೇರೆ. ನಡೆದದ್ದನ್ನು ನಡೆಯಿತು ಎಂದು ಬರೆಯಲು ಯಾರ ಫತ್ವಾ ಬೇಕು?

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಮತ್ತೆ ಸಿಕ್ಕಳು. ಅಜ್ಜನ ಹನ್ನೆರಡು ಪದಗಳನ್ನು ಮೊಬೈಲಿನಲ್ಲಿ ತುಂಬಿಕೊಂಡಿದ್ದಳು. ಬಸ್ಸು ಬರುವವರೆಗೆ ಎರಡು ಕೇಳಿಸಿದಳು. ಫೋನು ತುಂಬಿಹೋಗಿದೆ ಎಂದು ಅಣ್ಣ ಆಗಲೇ ನಾಲ್ಕನ್ನು ಅಳಿಸಿದ್ದನಂತೆ.