ಮೊದಲು ಒತ್ತು ನೋಡಿ, ಆಮೇಲೆ ಸೆಲ್ಫಿ

ಭಾನುವಾರ ಸಂಜೆ ಚರ್ಚ್ ಸ್ಟ್ರೀಟಿಗೆ ಗೋಡೆಚಿತ್ರ ನೋಡಲು ಹೋದರೆ ಚಿತ್ರ ಕಾಣುವುದಿಲ್ಲ, ಅದಕ್ಕೆ ಬೆನ್ನು ಹಾಕಿ ನಿಂತವರು ಕಾಣುತ್ತಾರೆ. ಗೋಡೆಗೆ ಒಂದು ಜೊತೆ ರೆಕ್ಕೆ ಬಳಿದರೆ ಸಾಕು, ಅದರ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು ಸಾಲು ಹತ್ತುತ್ತದೆ. ಇಂಥವರಲ್ಲಿ ಒಬ್ಬಿಬ್ಬರನ್ನಾದರೂ ಗೋಡೆಯ ಕಡೆ ತಿರುಗಿಸಬೇಕೆಂಬ ಹಟದಿಂದ ಇದನ್ನು ಬರೆಯುತ್ತಿದ್ದೇನೆ. ಗ್ರಾಫಿಟಿ ಎಂದರೇನು, ಮ್ಯೂರಲ್ ಎಂದರೇನು, ಸ್ಟೆನ್ಸಿಲ್ ಹೇಗೆ ಕತ್ತರಿಸುತ್ತಾರೆ ಎಂಬುದೆಲ್ಲ ನಿಮ್ಮ ಫೋನಿನಲ್ಲೇ ಸಿಗುತ್ತದೆ. ಅದನ್ನು ನನ್ನ ಬಾಯಿಂದ ಕೇಳಬೇಡಿ.

ನಾನು ಹೇಳುವುದು ಒಂದೇ ಮಾತು: ಬೆಂಗಳೂರಿನ ಗೋಡೆಯಲ್ಲಿ ಮೊದಲು ಅಕ್ಷರ ನೋಡಿ. ಹುಲಿಯ ಮುಖ, ಕಣ್ಣು ಮುಚ್ಚಿದ ಹೆಣ್ಣು, ತೇಲುವ ತಿಮಿಂಗಿಲ ಯಾವ ಊರಿನ ಕೆಫೆ ಗೋಡೆಯಲ್ಲಾದರೂ ಇರುತ್ತವೆ. ಅಕ್ಷರ ಬರೆಯಲು ಕೂತಾಗ ಮಾತ್ರ ಕಲಾವಿದ ಯಾವ ಊರಲ್ಲಿ ನಿಂತಿದ್ದಾನೆ ಎಂಬುದು ಬಯಲಾಗುತ್ತದೆ.

ನನ್ನ ಕಣ್ಣು ತೆರೆದದ್ದು ಯಾವ ಗ್ಯಾಲರಿಯಲ್ಲೂ ಅಲ್ಲ. ಕಾಲೇಜು ತಪ್ಪಿಸಿ ಮೆಜೆಸ್ಟಿಕ್ಕಿನ ಟಾಕೀಸುಗಳ ಸುತ್ತ ಅಲೆಯುತ್ತಿದ್ದ ಕಾಲ. ಒಂದು ಕಾಂಪೌಂಡಿನ ಮೇಲೆ ಪೇಂಟರ್ ಒಬ್ಬರು 'ಇಲ್ಲಿ ಭಿತ್ತಿಪತ್ರ ಅಂಟಿಸಬಾರದು' ಎಂದು ಬರೆಯುತ್ತಿದ್ದರು. ದಾರಕ್ಕೆ ನೀಲಿ ಪುಡಿ ಸವರಿ, ಎರಡೂ ತುದಿ ಬಿಗಿಹಿಡಿಸಿ, ನಡುವೆ ಎಳೆದು ಬಿಟ್ಟರು; ಗೋಡೆಯ ಮೇಲೆ ನೇರ ಗೆರೆ ಬಿತ್ತು. ಹಾಗೇ ಇನ್ನೊಂದು. ಎರಡನೆಯ ಗೆರೆಯ ಕೆಳಗೆ ಒಂದು ಗೇಣು ಖಾಲಿ ಬಿಟ್ಟರು.

"ಇಷ್ಟೊಂದು ಜಾಗ ಯಾಕೆ ಬಿಟ್ರಿ ಅಣ್ಣಾ?" ಅಂದೆ.

"ಒತ್ತಕ್ಷರ ಏನು ನನ್ನ ತಲೆ ಮೇಲೆ ಕೂರುತ್ತಾ ತಮ್ಮಾ?"

ಅಂದಿನಿಂದ ನಾನು ಯಾವ ಬೋರ್ಡನ್ನೂ ಬರೀ ಓದಿಲ್ಲ. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಎರಡು ಗೆರೆ ಸಾಕು. ಕನ್ನಡಕ್ಕೆ ಮೇಲೆ ಇತ್ವ, ಏತ್ವಗಳಿಗೆ ಜಾಗ ಬೇಕು, ಕೆಳಗೆ ಒತ್ತಿಗೆ ಬೇಕು, ಪಕ್ಕದಲ್ಲಿ ಕೊಂಬು, ದೀರ್ಘಗಳಿಗೆ ಬೇಕು. ಆ ಪೇಂಟರ್ 'ಲ್ಲಿ'ಯ ಒತ್ತನ್ನೂ 'ತ್ತಿ'ಯ ಒತ್ತನ್ನೂ ಒಂದೇ ಮಟ್ಟಕ್ಕೆ ತಂದು, 'ತ್ರ'ದ ಒತ್ತಿನ ಬಾಲವನ್ನು ಮಾತ್ರ ಒಂದೆಳೆ ಉದ್ದ ಬಿಟ್ಟಿದ್ದರು. ಗೋಡೆಗೆ ಏನನ್ನೂ ಅಂಟಿಸಬೇಡಿ ಎನ್ನುವ ಬರಹವೇ ಆ ಬೀದಿಯ ಅತ್ಯುತ್ತಮ ಭಿತ್ತಿಚಿತ್ರವಾಗಿತ್ತು.

ಈಗ ಗೋಡೆ ಬಳಿಯುವವರಲ್ಲಿ ನಾನು ಕಾಣುವುದು ಹೆಚ್ಚಾಗಿ ವಿದ್ಯಾರ್ಥಿಗಳನ್ನೇ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಎಂದು ನಾವು ಹೆಮ್ಮೆ ಪಡುತ್ತೇವೆ. ಕುಂಚ ಹಿಡಿದ ಕೈಗಳು ಮಾತ್ರ ಇಪ್ಪತ್ತರ ಆಸುಪಾಸಿನವು. ದೇಶದ ಮೂಲೆಮೂಲೆಯಿಂದ ಬಂದು, ಪಿ.ಜಿ.ಯಲ್ಲಿ ಉಳಿದು, ದರ್ಶಿನಿಯಲ್ಲಿ ತಿಂದು, ಎರಡನೇ ವರ್ಷಕ್ಕೆ 'ಈ ಊರು ನಂದೂ ಹೌದು' ಅನ್ನಿಸಿದಾಗ ಗೋಡೆಯ ಮೇಲೆ ಕನ್ನಡ ಬರೆಯುತ್ತಾರೆ. ಆಸೆ ಒಳ್ಳೆಯದೇ. ಆದರೆ ಒಂದು ಕಾಲೇಜಿನ ಉತ್ಸವಕ್ಕೆ ಆಳೆತ್ತರದ ಅಕ್ಷರಗಳಲ್ಲಿ 'ಹಬ್‌ಬ' ಎಂದು ಬರೆದದ್ದನ್ನು ನೋಡಿ ನಾನು ಕಾಫಿ ಅರ್ಧಕ್ಕೇ ಬಿಟ್ಟೆ. ಭಾರತೀಯ ಲಿಪಿಗೆ ಹೊಂದಿಸದ ಸಾಫ್ಟ್‌ವೇರಿನಲ್ಲಿ ಬೆರಳಚ್ಚಿಸಿದರೆ ಒತ್ತು ಕೆಳಗೆ ಇಳಿಯುವುದಿಲ್ಲ. ಅದನ್ನೇ ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟು ಶ್ರದ್ಧೆಯಿಂದ ತಿದ್ದಿದ್ದರು. ಬಣ್ಣ ಚೆನ್ನಾಗಿತ್ತು, ನೆರಳು ಚೆನ್ನಾಗಿತ್ತು. ಮುಂದೆ ನಿಂತು ಫೋಟೊ ತೆಗೆಸಿಕೊಂಡ ಅಚ್ಚ ಕನ್ನಡದ ಮಕ್ಕಳಿಗೂ ಅದು ಕಣ್ಣಿಗೆ ಚುಚ್ಚಲಿಲ್ಲ!

ನೋಡುವ ಅಭ್ಯಾಸಕ್ಕೆ ಮೂರು ಕಡೆ ಕಣ್ಣಿಡಿ. ಒಂದು, ತಲಕಟ್ಟು. ಅದು ಟಿಕ್ ಮಾರ್ಕಿನಂತೆ ಇದ್ದರೆ ತೆಲುಗು ಬರೆದು ರೂಢಿಯಾದ ಕೈ. ಅಡ್ಡಗೆರೆ ಎಳೆದು ಕೊನೆಗೆ ಕೊಕ್ಕೆ ತಿರುಗಿಸಿದ್ದರೆ ಕನ್ನಡದ ಕೈ. ಎರಡು, ದ ಮತ್ತು ಧ, ಪ ಮತ್ತು ಷ. ಅಕ್ಷರ ಬಲ್ಲವರು ಬರೆದರೋ ಆಕಾರ ನಕಲು ಮಾಡಿದರೋ ಎಂಬುದು ಇಲ್ಲಿ ಸಿಕ್ಕಿಬೀಳುತ್ತದೆ. ಮೂರು, ಕುಂಚ ಎಲ್ಲಿ ಎತ್ತಿದರು ಎಂಬುದು. ಚಪ್ಪಟೆ ಕುಂಚದಲ್ಲಿ 'ಅ' ಸುತ್ತುವಾಗ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಲೇಬೇಕು. ಎಲ್ಲ ಕಡೆ ಒಂದೇ ದಪ್ಪವಿದ್ದರೆ ಅದು ಕಂಪ್ಯೂಟರಿನ ಅಕ್ಷರ, ಗೋಡೆಗೆ ಬಾಡಿಗೆಗೆ ಬಂದದ್ದು.

ಅಕ್ಷರವಲ್ಲದ ಬೀದಿಕಲೆಯ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಕೃತಕ ಮೊಸಳೆ ಬಿಟ್ಟರು. ಪಾಲಿಕೆ ಓಡಿಬಂದು ಗುಂಡಿ ಮುಚ್ಚಿತು. ಅದು ಬೇರೆ ಜಾತಿಯ ಕಲೆ, ಅಲ್ಲಿ ಗುಂಡಿಯೇ ಅರ್ಧ ಕೆಲಸ ಮಾಡಿತ್ತು, ಒಪ್ಪುತ್ತೇನೆ. ಪೀಣ್ಯ ಮೆಟ್ರೊ ನಿಲ್ದಾಣದಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ರೈಲು ತಪ್ಪಿದರೂ ಸರಿ, ನಿಧಾನವಾಗಿ ನೋಡಿ.

2009ರಲ್ಲಿ ಬಿಬಿಎಂಪಿ ನಗರದ ಗೋಡೆಗಳಿಗೆ ಹಂಪಿ, ಜೋಗ, ಯಕ್ಷಗಾನ ಬರೆಸಿದಾಗ ಬುದ್ಧಿವಂತರೆಲ್ಲ ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿದರು. ಬರೆದವರು ಫ್ಲೆಕ್ಸ್ ಬಂದು ಅನ್ನ ಕಳೆದುಕೊಂಡಿದ್ದ ಸಿನಿಮಾ ಬ್ಯಾನರಿನ ಕಲಾವಿದರು. ಅವರ ಜೋಗ ನನಗೂ ಹಿಡಿಸಲಿಲ್ಲ. ಜೋಗದ ಕೆಳಗೆ ಅವರು ಬರೆದ ಹೆಸರುಗಳನ್ನು ಮಾತ್ರ ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೋ! ಆ ಕೈಗಳಿಂದ ಕಲಿಯಲು ಅಂದು ಒಬ್ಬ ವಿದ್ಯಾರ್ಥಿಯೂ ಏಣಿ ಹಿಡಿದು ನಿಂತದ್ದನ್ನು ನಾನು ಕಾಣಲಿಲ್ಲ.

ಅಂಗಡಿ ಬೋರ್ಡುಗಳ ಕಥೆಯೂ ಇದೇ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಟೇಪು ಹಿಡಿದು ಅಳೆಯುವವರು ಹುಟ್ಟಿಕೊಂಡರು. ಆ ಅರವತ್ತರಲ್ಲಿ ಅಂದ ಎಷ್ಟು ಎಂದು ಯಾರೂ ಕೇಳಲಿಲ್ಲ. ಅಸ್ಮಿತೆ ಅಸ್ಮಿತೆ ಎಂದು ಕೂಗುವವರೂ ವಕ್ರ ತಲಕಟ್ಟಿನ ಕೆಳಗೇ ನಿಂತು ಕೂಗುತ್ತಾರೆ.

ಅಕ್ಷರ ನೋಡಬೇಕೆಂದರೆ ಚರ್ಚ್ ಸ್ಟ್ರೀಟ್ ಬಿಡಿ. ಬೆಳಿಗ್ಗೆ ಬೇಗ ಕಲಾಸಿಪಾಳ್ಯಕ್ಕೆ ಹೋಗಿ ಲಾರಿಗಳ ಹಿಂಭಾಗ ಓದಿ, ಅವೆನ್ಯೂ ರಸ್ತೆಯಲ್ಲಿ ಉಳಿದಿರುವ ಹಳೇ ಬೋರ್ಡುಗಳ ಕೆಳಗೆ ಕತ್ತೆತ್ತಿ ನಿಲ್ಲಿ. ಕನ್ನಡ ಓದಲು ಬಾರದ ಗೆಳೆಯರು ಜೊತೆಗಿದ್ದರೆ ಇನ್ನೂ ಒಳ್ಳೆಯದು, ಅವರಿಗೆ ಅರ್ಥ ಅಡ್ಡ ಬರುವುದಿಲ್ಲ. ಮುಂದೊಂದು ದಿನ ಕೈಗೆ ಬಣ್ಣದ ಡಬ್ಬಿ ಬಂದರೆ ಮೊದಲು ಕಾಗದದ ಮೇಲೆ 'ಬ್ಬ' ಬರೆದು, ಅಕ್ಷರ ಬಲ್ಲ ಯಾರಿಗಾದರೂ ತೋರಿಸಿ. ಅವರು ಹೂಂ ಅನ್ನುವವರೆಗೆ ಗೋಡೆ ಮುಟ್ಟಬೇಡಿ.