ಡೈನಮೋ ಮೇಲೆ ಎಷ್ಟು ಭಾರ?

ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಊರೂರು ತಿರುಗುವವರು ನಮ್ಮಲ್ಲಿ ಇನ್ನೂ ಕೆಲವೇ ಮಂದಿ. ಅವರಲ್ಲಿ ಯಾರೇ ಸಿಕ್ಕರೂ ಕೇಳುವ ಮೊದಲ ಪ್ರಶ್ನೆ ಒಂದೇ: ಟ್ರೇಲರಿನೊಳಗೆ ಲಿಥಿಯಂ ಬ್ಯಾಟರಿ ಇದೆ, ಮುಂದೆ ಎಂಜಿನ್ ಹೇಗೂ ಓಡುತ್ತಿರುತ್ತದೆ, ಒಂದು ವೈರ್ ಎಳೆದು ಚಾರ್ಜ್ ಮಾಡಿಕೊಂಡರೆ ಆಗದೇ? ಆಗುತ್ತದೆ. ಆದರೆ ಬರೀ ವೈರ್ ಸಾಲದು. ನಡುವೆ ಡಿಸಿ-ಡಿಸಿ ಚಾರ್ಜರ್ ಎಂಬ ಪೆಟ್ಟಿಗೆ ಬೇಕೇ ಬೇಕು. ಅದು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಮೊದಲ ಮಾತನ್ನು ಎಲ್ಲರೂ ಒಪ್ಪುತ್ತಾರೆ, ಎರಡನೆಯದಕ್ಕೆ ತಕರಾರು.

ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ತಾನಾಗಿಯೇ ಕರೆಂಟು ಎಳೆಯುವುದನ್ನು ಕಡಿಮೆ ಮಾಡುತ್ತದೆ. ಡೈನಮೋ ಎಂದೇ ಎಲ್ಲರೂ ಕರೆಯುವ ಆಲ್ಟರ್ನೇಟರನ್ನು ರೂಪಿಸಿದ್ದು ಈ ಸ್ವಭಾವಕ್ಕೆ ಹೊಂದುವಂತೆ. ಲಿಥಿಯಂ ಹಾಗಲ್ಲ. ಅದರ ಒಳ ಪ್ರತಿರೋಧ ತೀರಾ ಕಡಿಮೆ. ನೇರವಾಗಿ ಜೋಡಿಸಿದರೆ ಹಸಿದ ಎಮ್ಮೆ ಬಾನಿಗೆ ಬಾಯಿ ಹಾಕಿದಂತೆ, ಕೊಟ್ಟಷ್ಟನ್ನೂ ಎಳೆಯುತ್ತದೆ, ಹೆಚ್ಚುಕಡಿಮೆ ತುಂಬುವವರೆಗೂ ಎಳೆಯುತ್ತದೆ. ಡೈನಮೋ ಮೇಲೆ 90 ಆಂಪಿಯರ್ ಎಂದು ಬರೆದಿದ್ದರೆ ಅದು ಎಂಜಿನ್ ಜೋರಾಗಿ ತಿರುಗುವಾಗಿನ ಮಾತು. ಐಡ್ಲಿಂಗಿನಲ್ಲಿ ಅಷ್ಟು ಸಿಗುವುದಿಲ್ಲ. ಅದನ್ನು ತಂಪು ಮಾಡುವ ಫ್ಯಾನೂ ಅದೇ ಶಾಫ್ಟಿನ ಮೇಲಿರುವುದರಿಂದ, ಪುಣೆ ದಾರಿಯ ಖಂಬಾಟ್ಕಿ ಘಾಟಿನಲ್ಲಿ ಲಾರಿಗಳ ಹಿಂದೆ ತೆವಳುವಾಗ ಗಾಳಿ ಕಡಿಮೆ, ಬಿಸಿ ಜಾಸ್ತಿ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬ್ಯಾಟರಿಯೊಳಗಿನ ಕಾವಲು ಸರ್ಕೀಟು, ಅಂದರೆ ಬಿಎಂಎಸ್, ತನ್ನ ಸೆಲ್‌ಗಳನ್ನು ಕಾಪಾಡಲು ಸಂಪರ್ಕವನ್ನು ಫಟ್ಟನೆ ಕಡಿದರೆ, ಅಲ್ಲಿಯವರೆಗೆ ಹರಿಯುತ್ತಿದ್ದ ಕರೆಂಟಿಗೆ ದಾರಿಯಿಲ್ಲದೆ ವೋಲ್ಟೇಜ್ ಒಮ್ಮೆಲೇ ನೆಗೆಯುತ್ತದೆ, ಡೈನಮೋದ ಡಯೋಡುಗಳು ಸುಟ್ಟುಹೋಗಬಹುದು. ಹಲವು ಹೊಸ ಕಾರುಗಳಲ್ಲಂತೂ ಇಂಧನ ಉಳಿಸಲು ಕಂಪ್ಯೂಟರೇ ಡೈನಮೋ ವೋಲ್ಟೇಜನ್ನು ಇಳಿಸಿಬಿಡುತ್ತದೆ. ಆಗ ಇಡೀ ದಿನ ಓಡಿದರೂ ಹಿಂದಿನ ಬ್ಯಾಟರಿ ಅರ್ಧಕ್ಕೇ ನಿಂತಿರುತ್ತದೆ. ಎಳೆತಕ್ಕೆ ಮಿತಿ ಹಾಕಿ, ಬ್ಯಾಟರಿಗೆ ಬೇಕಾದ ವೋಲ್ಟೇಜ್ ಕೊಡಲೆಂದೇ ನಡುವೆ ಆ ಚಾರ್ಜರ್ ಪೆಟ್ಟಿಗೆ.

ಬ್ಯಾಟರಿಯನ್ನು ಬೈಯಬೇಡಿ. ಲಿಥಿಯಂ ಐರನ್ ಫಾಸ್ಫೇಟ್‌ನಷ್ಟು ಸುರಕ್ಷಿತ, ದೀರ್ಘಾಯುಷಿ ಬ್ಯಾಟರಿ ಪ್ರವಾಸಿಗನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಈ ವಸ್ತುವನ್ನು ಜಗತ್ತಿಗೆ ತೋರಿಸಿದ 1997ರ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಢಿ, ಕೆ.ಎಸ್. ನಂಜುಂಡಸ್ವಾಮಿ, ಗುಡೆನಫ್. ಗುಡೆನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ನಡುವಿನ ಹೆಸರನ್ನು ನಾವು ಇನ್ನಷ್ಟು ಸಲ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಗಾಡಿಯಲ್ಲೇ ಸಂಸಾರ ಮಾಡುವುದನ್ನು ಕಲಿಯಲು ನಾನು ಹೋಗುವುದು ಪುಣೆಯ ಗುಲ್‌ಟೇಕಡಿ ಮಾರ್ಕೆಟ್ ಯಾರ್ಡಿಗೆ. ರವಿವಾರ ಅಲ್ಲಿ ಆವಕ ದೊಡ್ಡದು, ಹಾಗಾಗಿ ಶನಿವಾರ ರಾತ್ರಿಯೇ ಲಾರಿಗಳು ಬಂದು ನಿಲ್ಲುತ್ತವೆ. ಕರ್ನಾಟಕದ ಹಸಿಮೆಣಸಿನಕಾಯಿ, ಶುಂಠಿ, ಬೇಸಿಗೆಯಾದರೆ ತೋತಾಪುರಿ, ಕೊಂಕಣದ ಹಾಪೂಸಿನ ಬೆನ್ನಿಗೇ ಬರುವ ನಮ್ಮ ಕಡೆಯ ಹಾಪೂಸು. ಗಾಳೆ ಎನ್ನುವ ಮಳಿಗೆಗಳ ನಡುವೆ ಮರಾಠಿಯಷ್ಟೇ ಸಲೀಸಾಗಿ ಬೆಳಗಾವಿ ಕನ್ನಡವೂ ಕಿವಿಗೆ ಬೀಳುತ್ತದೆ. ಹಮಾಲರು ಇಳಿಸುವುದು ಬೆಳಗಿನ ಜಾವ. ಅಲ್ಲಿಯವರೆಗೆ ಚಾಲಕರಿಗೆ ಕ್ಯಾಬಿನ್ನೇ ಮನೆ. ಫ್ಯಾನು, ಫೋನು, ಹಾಡು, ದೀಪ ಎಲ್ಲವೂ ಬ್ಯಾಟರಿ ಮೇಲೆ.

ದೊಡ್ಡ ಲಾರಿಯದು 24 ವೋಲ್ಟ್, ಅಂದರೆ 12ರ ಎರಡು ಬ್ಯಾಟರಿ ಸಾಲಾಗಿ. 12 ವೋಲ್ಟಿನ ಫ್ಯಾನನ್ನು ಅದರಲ್ಲಿ ಒಂದಕ್ಕೆ ಮಾತ್ರ ಹಚ್ಚುವುದು ಸುಲಭದ ದಾರಿ. ಮೆಣಸಿನಕಾಯಿ ತಂದಿದ್ದ ಗೋಕಾಕ ಕಡೆಯ ಚಾಲಕರೊಬ್ಬರನ್ನು, ‘ನೀವೂ ಹಂಗ ಹಚ್ಚೀರೇನ್ರಿ ಅಣ್ಣಾರ?’ ಎಂದು ಕೇಳಿದೆ.

‘ಮೊದಲ ಹಂಗ ಹಚ್ಚಿದ್ವಿರಿ ಸಾಹೇಬ್ರ. ಒಂದು ಬ್ಯಾಟ್ರಿ ಬರೇ ಇಳೀತಿತ್ತು, ಇನ್ನೊಂದು ಕುದ್ದು ಕುದ್ದು ನೀರ ಆರಿ ಹೋತ್ರಿ.’

ಲೆಕ್ಕ ಸರಿಯಾಗಿಯೇ ಇದೆ. ಡೈನಮೋ ಎರಡಕ್ಕೂ ಸೇರಿ 28 ವೋಲ್ಟ್ ಕೊಡುತ್ತದೆ. ಒಂದು 13ಕ್ಕೇ ನಿಂತರೆ ಇನ್ನೊಂದರ ಮೇಲೆ 15 ಬೀಳುತ್ತದೆ. ಈಗ ಅವರ ಸೀಟಿನ ಕೆಳಗೆ 24ನ್ನು 12 ಮಾಡುವ ಕನ್ವರ್ಟರ್ ಇದೆ. ಅಂಗೈಯಗಲದ ಅಲ್ಯೂಮಿನಿಯಂ ಪೆಟ್ಟಿಗೆ, ಮೈತುಂಬ ಏಣುಗಳು, ಮೇಲೊಂದು ಪದರ ಧೂಳು. ‘ಕೈ ಇಟ್ಟು ನೋಡ್ರಿ’ ಎಂದರು. ಬೆಚ್ಚಗಿತ್ತು. ಪೆಟ್ಟಿಗೆಯಿಂದ ಬ್ಯಾಟರಿಗೆ ಹೋಗುವ ವೈರಿಗೆ ಫ್ಯೂಸು, ಲಗ್ಗುಗಳ ಮೇಲೆ ಗ್ರೀಸು. ಎಷ್ಟೋ ದುಬಾರಿ ಕ್ಯಾರವಾನುಗಳಲ್ಲಿ ಇಷ್ಟು ಶುದ್ಧ ಕೆಲಸ ನಾನು ಕಂಡಿಲ್ಲ.

ಈಗ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ತಡವಾಗಿಯಾದರೂ ಸಿಕ್ಕ ನ್ಯಾಯ ಅದು. ಆದರೆ ಎಂಜಿನ್ನಿನಿಂದ ನಡೆಯುವ ಎ.ಸಿ. ಎಂಜಿನ್ ನಿಂತೊಡನೆ ನಿಲ್ಲುತ್ತದೆ. ನಿಂತ ಗಾಡಿಯಲ್ಲಿ ತಂಪಾಗಿ ಮಲಗಬೇಕೆಂದರೆ ಬೇರೆ ಬ್ಯಾಟರಿ ಬೇಕು, ಅದನ್ನು ಓಡುವಾಗಲೇ ತುಂಬಿಸಬೇಕು. ಕ್ಯಾರವಾನಿನವರ ಪ್ರಶ್ನೆ ಲಾರಿಯವರಿಗೂ ಬರಲಿದೆ.

ಇನ್ನು ಪೆಟ್ಟಿಗೆಯ ಗಾತ್ರ. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಇದೆ ಎಂದುಕೊಳ್ಳಿ. ಚಿಕ್ಕ ಫ್ರಿಜ್ಜು, ಫ್ಯಾನು, ದೀಪ ಸೇರಿ ರಾತ್ರಿಗೆ 40 ಖರ್ಚಾದರೆ, 20 ಆಂಪಿಯರ್ ಚಾರ್ಜರ್ ಅದನ್ನು ಎರಡು ಗಂಟೆಯ ಓಟದಲ್ಲಿ ತುಂಬಿಸುತ್ತದೆ. ಪೂರ್ತಿ ಖಾಲಿಯಾಗಿದ್ದರೂ ಐದು ಗಂಟೆ ಸಾಕು. ಬೆಳಗಾವಿಯಿಂದ ಪುಣೆ ಮುಟ್ಟಲು ಟ್ರೇಲರಿಗೆ ಅದಕ್ಕಿಂತ ಹೆಚ್ಚೇ ಬೇಕು. ಹೀಗಿರುವಾಗ 50 ಆಂಪಿಯರಿನ ಚಾರ್ಜರ್ ಏಕೆ? ಅದು ಡೈನಮೋದಿಂದ 60ಕ್ಕೂ ಹೆಚ್ಚು ಎಳೆಯುತ್ತದೆ. ಕಾರಿನ ಹೆಡ್‌ಲೈಟು, ಎ.ಸಿ. ಫ್ಯಾನುಗಳಿಗೆ ಉಳಿಯುವುದೆಷ್ಟು? ಹೆಚ್ಚಿನದನ್ನು ಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ ಎನ್ನುವ ಅಂಗಡಿಯ ಮಾತು ಈ ವಿಷಯದಲ್ಲಿ ನಡೆಯುವುದಿಲ್ಲ.

ಉಳಿಸಿದ ಹಣವನ್ನು ತಾಮ್ರಕ್ಕೆ ಹಾಕಿ. 20 ಆಂಪಿಯರ್ ಕೊಡಲು ಚಾರ್ಜರ್ ಸುಮಾರು 25 ಎಳೆಯುತ್ತದೆ. ಕಾರಿನ ಬ್ಯಾಟರಿಯಿಂದ ಟ್ರೇಲರಿಗೆ 6 ಮೀಟರ್, ಹೋಗಿ ಬರಲು 12. ಮನೆಯ ಪ್ಲಗ್ಗಿಗೆ ಹಾಕುವ 2.5 ಚದರ ಮಿಲಿಮೀಟರ್ ವೈರಿನಲ್ಲಿ ದಾರಿಯಲ್ಲೇ ಹತ್ತಿರ ಹತ್ತಿರ ಎರಡೂವರೆ ವೋಲ್ಟ್ ಕಳೆದುಹೋಗುತ್ತದೆ. 13.8 ಹೊರಟರೆ ತಲುಪುವುದು 11.4. ಅಷ್ಟಕ್ಕೆ ಎಷ್ಟೋ ಚಾರ್ಜರುಗಳು ಕಾರಿನ ಬ್ಯಾಟರಿ ಇಳಿದಿದೆ ಎಂದು ತಿಳಿದು ಸುಮ್ಮನಾಗುತ್ತವೆ. 10 ಚದರ ಮಿಲಿಮೀಟರಿನದಾದರೆ ನಷ್ಟ ಅರ್ಧ ವೋಲ್ಟಿನ ಆಸುಪಾಸು. ಎರಡೂ ತುದಿಗೆ ಫ್ಯೂಸು ಹಾಕಿ, ಎರಡೂ ಬ್ಯಾಟರಿಗಳ ಹತ್ತಿರವೇ. ನೆಗೆಟಿವ್‌ಗೆ ಎಳೆಯುವ ಕೊಕ್ಕೆಯನ್ನು ನಂಬದೆ ಬೇರೆ ವೈರ್ ಎಳೆಯಿರಿ. ಇಂಡಿಕೇಟರಿನ ಪ್ಲಗ್ಗಿನಲ್ಲಿ ಇದನ್ನು ತುರುಕಬೇಡಿ, 50 ಆಂಪಿಯರಿನ ಆಂಡರ್ಸನ್ ಪ್ಲಗ್ಗು ಪ್ರತ್ಯೇಕವಾಗಿರಲಿ.

ಚಾರ್ಜರ್ ಟ್ರೇಲರಿನಲ್ಲಿ, ಬ್ಯಾಟರಿಗೆ ಹತ್ತಿರವಿರಲಿ. ಆದರೆ ಎರಡನ್ನೂ ಒಂದೇ ಮುಚ್ಚಿದ ಡಬ್ಬಿಯಲ್ಲಿ ಕೂಡಿಡಬೇಡಿ. ಮೇ ತಿಂಗಳ ಮಧ್ಯಾಹ್ನ ಅಂಥ ಡಬ್ಬಿಯೊಳಗೆ 45 ಡಿಗ್ರಿ ದಾಟುವುದು ಕಷ್ಟವೇನಲ್ಲ, ಚಾರ್ಜಿನ ಬಿಸಿಯೂ ಸೇರಿದರೆ ಬ್ಯಾಟರಿಯ ಆಯುಷ್ಯ ಸವೆಯುತ್ತದೆ. ವೋಲ್ಟೇಜನ್ನು 14.2ಕ್ಕೆ ಇಟ್ಟರೆ ಧಾರಾಳ ಸಾಕು. ಇಗ್ನಿಷನ್ನಿನಿಂದ ಒಂದು ಸಣ್ಣ ಸಿಗ್ನಲ್ ವೈರ್ ಕೊಟ್ಟು, ಎಂಜಿನ್ ಆಫ್ ಆದೊಡನೆ ಚಾರ್ಜರೂ ಆಫ್ ಆಗುವಂತೆ ಮಾಡಿಸಿ. ಇಲ್ಲದಿದ್ದರೆ ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ.

ಕೆಲಸ ಮುಗಿದ ದಿನವೇ ದೂರ ಹೊರಡಬೇಡಿ. ಒಂದು ಗಂಟೆ ಓಡಿಸಿ, ಬದಿಗೆ ನಿಲ್ಲಿಸಿ, ಆಂಡರ್ಸನ್ ಪ್ಲಗ್ಗಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಅಡ್ಡಿಯಿಲ್ಲ. ಸುಡುತ್ತಿದ್ದರೆ ಒಳಗೆ ಕ್ರಿಂಪ್ ಸಡಿಲವಿದೆ. ಅಲ್ಲೇ ಎಂಜಿನ್ ಆಫ್ ಮಾಡಿ, ಪ್ಲಗ್ಗು ಕಳಚಿ, ಸೀದಾ ವೈರ್‌ಮ್ಯಾನ್ ಹತ್ತಿರ ಹೋಗಿ.