ಮೊದಲ ಆಂಗ್ಲ ವೃತ್ತಪತ್ರಿಕೆಗಳೂ ವಂಶಶೋಧನೆಯೂ

ಚರಿತ್ರೆಯ ಆಕರಗಳೆಂದೊಡನೆ ಕನ್ನಡ ವಿದ್ವಾಂಸರ ಮನಸ್ಸು ಶಾಸನ, ತಾಳೆಗರಿ, ಕಡತ, ಕೈಫಿಯತ್ತುಗಳ ಕಡೆಗೆ ಹರಿಯುವುದು ಸಹಜ. ವೃತ್ತಪತ್ರಿಕೆಗೆ ಆ ಪಂಕ್ತಿಯಲ್ಲಿ ಸ್ಥಾನ ದೊರೆತದ್ದು ತಡವಾಗಿ. ಒಂದು ದಿನ ಓದಿ ಮರುದಿನ ಮೂಲೆಗೆ ಸೇರಿಸುವ ಕಾಗದಕ್ಕೆ ಪ್ರಾಮಾಣ್ಯವೆಲ್ಲಿಯದು ಎಂಬ ಶಂಕೆಯೇ ಇದಕ್ಕೆ ಕಾರಣ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಆಳಿಕೆಯ ಮೊದಲ ದಶಕಗಳ ಪತ್ರಿಕೆಗಳನ್ನು ವಂಶಾವಳಿಯನ್ನು ಅರಸುವವರೂ ಇತಿಹಾಸಕಾರರೂ ಈಗ ಆಸಕ್ತಿಯಿಂದ ತೆರೆಯುತ್ತಿದ್ದಾರೆ. ಇವು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಸಾಕ್ಷಿಯಲ್ಲ ಎಂಬ ವಿವೇಚನೆಯೂ ಆ ಆಸಕ್ತಿಯೊಡನೆ ಬೆಳೆಯಬೇಕಾಗಿದೆ.

ಭಾರತದಲ್ಲಿ ಅಚ್ಚಾದ ಮೊದಲ ವೃತ್ತಪತ್ರಿಕೆ ಜೇಮ್ಸ್ ಆಗಸ್ಟಸ್ ಹಿಕಿ ಎಂಬಾತನ ‘ಬೆಂಗಾಲ್ ಗೆಜೆಟ್’. 1780ರ ಜನವರಿ 29ರಂದು ಕಲಕತ್ತೆಯಲ್ಲಿ ಹೊರಟ ಆ ವಾರಪತ್ರಿಕೆ 1782ರಲ್ಲಿ ಅಧಿಕಾರಸ್ಥರ ಮುನಿಸಿಗೆ ಗುರಿಯಾಗಿ ನಿಂತುಹೋಯಿತು. 1784ರಲ್ಲಿ ಸರ್ಕಾರದ ಆಶ್ರಯದೊಡನೆ ‘ಕಲಕತ್ತಾ ಗೆಜೆಟ್’, 1785ರಲ್ಲಿ ‘ಮದ್ರಾಸ್ ಕೊರಿಯರ್’ ಹುಟ್ಟಿದವು. ಹಡಗುಗಳ ಆಗಮನ ನಿರ್ಗಮನ, ಅಧಿಕಾರಿಗಳ ನೇಮಕ, ವಿವಾಹ, ಮರಣ, ಮನೆಗಳ ಮಾರಾಟ, ಮೃತರ ಸ್ವತ್ತಿನ ಹರಾಜು ಮೊದಲಾದ ವಿಷಯಗಳು ಇಂಥ ಪತ್ರಿಕೆಗಳ ಅಂಕಣಗಳನ್ನು ತುಂಬಿದವು.

ಇವುಗಳ ದೊಡ್ಡ ಗುಣ ಸಮಕಾಲೀನತೆ. ಪುರಾಣಕಾರನು ನೂರಾರು ವರ್ಷಗಳ ಅನಂತರ ಕೇಳಿ ಬರೆಯುತ್ತಾನೆ. ಪತ್ರಿಕೆಯು ವಾರದೊಳಗೆ ಬರೆಯುತ್ತದೆ. ಸಂವತ್ಸರದ ಹೆಸರು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಶಾಸನಗಳ ಕಾಲನಿರ್ಣಯದಲ್ಲಿ ಹುಟ್ಟುವ ತೊಡಕು ಇಲ್ಲಿಲ್ಲ. ಒಬ್ಬನ ಮರಣವಾರ್ತೆ, ಕೆಲವು ಕಾಲದ ಮೇಲೆ ಅವನ ಸ್ವತ್ತಿನ ಹರಾಜು, ಅವನಿಗೆ ಸಾಲ ಕೊಟ್ಟವರಿಗೂ ಅವನಿಂದ ಪಡೆದವರಿಗೂ ಕರೆ — ಈ ಮೂರನ್ನು ಜೋಡಿಸಿದರೆ ಅವನ ಉಯಿಲನ್ನು ಯಾವ ವರ್ಷದ ದಾಖಲೆಗಳಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ. ಪತ್ರಿಕೆಯು ವಂಶಾವಳಿಯನ್ನು ಸಿದ್ಧವಾಗಿ ಕೈಗಿಡುವುದಿಲ್ಲ. ವಂಶಾವಳಿಯಿರುವ ಕಡೆಗೆ ದಾರಿ ತೋರುತ್ತದೆ.

ಆ ದಾರಿಯಲ್ಲಿ ಮುಳ್ಳುಗಳೂ ಇವೆ. ಮೊದಲನೆಯದು ಹೆಸರಿನದು. ಶ್ರೀರಂಗಪಟ್ಟಣವು ಅಲ್ಲಿ ‘ಸೆರಿಂಗಪಟಂ’, ಚಿತ್ರದುರ್ಗವು ‘ಚಿಟಲ್‌ಡ್ರೂಗ್’, ಬಿದನೂರು ‘ಬೆಡ್ನೋರ್’. ಊರಿನ ಗತಿಯೇ ಹೀಗಾದ ಮೇಲೆ ವ್ಯಕ್ತಿನಾಮಗಳ ಗತಿಯನ್ನು ಹೇಳಬೇಕಾದುದಿಲ್ಲ. ಹಿಕಿಯಂತೂ ದೊಡ್ಡವರನ್ನು ಅಡ್ಡಹೆಸರಿನಿಂದಲೇ ಕರೆದನು. ಮುಖ್ಯ ನ್ಯಾಯಾಧೀಶ ಇಂಪಿಯು ಅವನ ಪತ್ರಿಕೆಯಲ್ಲಿ ‘ಪೂಲ್‌ಬಂದಿ’ ಪ್ರಭುವಾದನು. ಎರಡನೆಯದು ಕಾಲದ್ದು. ಇಂಗ್ಲೆಂಡಿನ ಹಡಗು ಬರಲು ಆರು ತಿಂಗಳಷ್ಟು ಹಿಡಿಯುತ್ತಿದ್ದುದರಿಂದ ಅಲ್ಲಿಯ ಸುದ್ದಿಯ ಮಟ್ಟಿಗೆ ಸಂಚಿಕೆಯ ತಾರೀಖೇ ಘಟನೆಯ ತಾರೀಖಲ್ಲ. ಮೂರನೆಯದು ಲಿಪಿಯದು. ಆ ಕಾಲದ ಅಚ್ಚಿನಲ್ಲಿ ‘ಎಸ್’ ಅಕ್ಷರಕ್ಕೆ ‘ಎಫ್’ ಅನ್ನು ಹೋಲುವ ಉದ್ದನೆಯ ರೂಪವೊಂದಿತ್ತು. ಇಂದು ಯಂತ್ರದ ಮೂಲಕ ಹಳೆಯ ಪುಟಗಳಲ್ಲಿ ಹೆಸರು ಹುಡುಕುವವರು, ಯಂತ್ರವು ಆ ಅಕ್ಷರವನ್ನು ತಪ್ಪಾಗಿ ಓದಿದ್ದರೆ, ಇದ್ದ ಹೆಸರನ್ನೂ ಇಲ್ಲವೆಂದು ತಿಳಿಯುವ ಅಪಾಯವಿದೆ.

ನಾಲ್ಕನೆಯದು ಸಂಕಲನದ ಮೇಲಣ ಭರವಸೆ. ಕಲಕತ್ತಾ ಗೆಜೆಟ್ಟಿನಿಂದ ಆಯ್ದ ಭಾಗಗಳನ್ನು ಸೀಟನ್-ಕಾರ್ ಮೊದಲಾದವರು 1864ರಿಂದ 1869ರವರೆಗೆ ಐದು ಸಂಪುಟಗಳಲ್ಲಿ ಪ್ರಕಟಿಸಿದರು. ಕಾರ್ಯ ಉಪಕಾರಕವಾದುದೇ. ಆದರೆ ಆಯ್ಕೆಯೆಂದರೆ ಬಿಡುವಿಕೆಯೂ ಹೌದು. ಸಂಪಾದಕನಿಗೆ ಸ್ವಾರಸ್ಯವೆನಿಸಿದ್ದು ಉಳಿಯುತ್ತದೆ. ವಂಶಶೋಧಕನಿಗೆ ಬೇಕಾದ ನೀರಸವಾದ ಹೆಸರಿನ ಪಟ್ಟಿಯು ಬಿಟ್ಟುಹೋಗಬಹುದು. ತಾಳೆಗರಿಯ ಪ್ರತಿಗೂ ಅಚ್ಚಿನ ಸಂಕಲನಕ್ಕೂ ಇರುವ ಅಂತರವನ್ನು ಬಲ್ಲ ವಚನಾಭ್ಯಾಸಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇವೆಲ್ಲ ಎಚ್ಚರದಿಂದ ಕಳೆಯಬಹುದಾದ ದೋಷಗಳು. ಎಚ್ಚರದಿಂದಲೂ ಕಳೆಯಲಾಗದ ದೋಷವೊಂದಿದೆ: ಈ ಪತ್ರಿಕೆಗಳು ಕೆಲವರನ್ನು ಹೆಸರಿಸುತ್ತವೆ, ಉಳಿದವರನ್ನು ಎಣಿಸುತ್ತವೆ. ಮಗು ಹುಟ್ಟಿದ ವಾರ್ತೆಯಲ್ಲಿ ‘ಇಂಥ ಕ್ಯಾಪ್ಟನ್ನನ ಪತ್ನಿಗೆ ಗಂಡುಮಗು’ ಎಂಬ ಮಾದರಿಯೇ ರೂಢಿ. ಹೆತ್ತ ತಾಯಿಯ ಹೆಸರಿಲ್ಲ. ಆಂಗ್ಲ ಅಧಿಕಾರಿಯ ಮಗುವಿನ ತಾಯಿ ಈ ನೆಲದ ಹೆಂಗಸಾಗಿದ್ದರೆ ಅಷ್ಟೂ ಅಚ್ಚಾಗುವುದು ವಿರಳ; ಅವಳ ಸುಳಿವು ಸಿಕ್ಕಿದರೆ ಉಯಿಲಿನಲ್ಲೋ ದೀಕ್ಷಾಸ್ನಾನದ ದಾಖಲೆಯಲ್ಲೋ ಸಿಕ್ಕಬೇಕು.

ಕನ್ನಡನಾಡಿಗೆ ನೇರವಾಗಿ ತಟ್ಟುವ ಉದಾಹರಣೆ ಯುದ್ಧವಾರ್ತೆಗಳದು. 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆ ಬಿದ್ದಾಗ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ, ಕಂಪನಿಯ ಸೇನೆಯಲ್ಲಿ ಮಡಿದವರ, ಗಾಯಗೊಂಡವರ ತಖ್ತೆಗಳು ಸಿದ್ಧವಾದವು. ಪತ್ರಿಕೆಗಳು ಸೇನಾವರದಿಗಳನ್ನು ಅಚ್ಚಿಸಿದವು. ಇಂಥ ತಖ್ತೆಗಳಲ್ಲಿ ಐರೋಪ್ಯ ಅಧಿಕಾರಿಗೆ ಹೆಸರು, ದರ್ಜೆ, ದಳ. ಸಿಪಾಯಿಗೆ ಬರಿಯ ಸಂಖ್ಯೆ. ಐರೋಪ್ಯ ಸಾಮಾನ್ಯ ಸೈನಿಕನೂ ಸಂಖ್ಯೆಯೇ. ಇದಕ್ಕಿಂತ ಎಷ್ಟೋ ಶತಮಾನಗಳ ಹಿಂದೆ, ತುರುಗೋಳಿನಲ್ಲಿ ಮಡಿದ ಹಳ್ಳಿಯ ಆಳಿನ ಹೆಸರನ್ನು ಈ ನಾಡು ವೀರಗಲ್ಲಿನ ಮೇಲೆ ಕಂಡರಿಸಿ ನಿಲ್ಲಿಸಿತ್ತು. ಅಚ್ಚಿನ ಯಂತ್ರ ಬಂದುದರಿಂದಲೇ ನೆನಪು ವಿಸ್ತಾರವಾಯಿತೆಂದು ನಂಬುವವರು ಈ ಎರಡನ್ನೂ ಒಟ್ಟಿಗಿಟ್ಟು ನೋಡುವುದು ಒಳ್ಳೆಯದು.

ಬಡವನ ಚಿತ್ರವು ಸವಿಸ್ತಾರವಾಗಿ ಸಿಕ್ಕುವ ಒಂದು ಅಂಕಣ ಕಲಕತ್ತೆಯ ಪತ್ರಿಕೆಗಳಲ್ಲಿ ಉಂಟು. ಅದು ಮನಸ್ಸನ್ನು ಕಲಕುವ ಅಂಕಣ. ತಪ್ಪಿಸಿಕೊಂಡು ಹೋದ ಗುಲಾಮ ಬಾಲಕರನ್ನು ಹಿಡಿದುಕೊಟ್ಟವರಿಗೆ ಇನಾಮು ಸಾರುವ ಜಾಹೀರಾತುಗಳವು. ವಯಸ್ಸು, ಮೈಕಟ್ಟು, ಉಡುಪು, ಬಲ್ಲ ಕೆಲಸ — ಎಲ್ಲವೂ ಅಲ್ಲಿ ಬರುತ್ತವೆ. ತಂದೆ ಯಾರು, ಊರು ಯಾವುದು ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. 1789ರಲ್ಲಿ ಕಾರ್ನ್‌ವಾಲಿಸನು ಗುಲಾಮರನ್ನು ಹಡಗಿನಲ್ಲಿ ಹೊರನಾಡಿಗೆ ಸಾಗಿಸುವುದನ್ನು ನಿಷೇಧಿಸಿದನು. ಕಂಪನಿಯ ನ್ಯಾಯಾಲಯಗಳು ಗುಲಾಮಗಿರಿಯನ್ನು ಮಾನ್ಯ ಮಾಡಬಾರದೆಂಬ ಕಾಯಿದೆ ಬರಲು 1843 ಆಗಬೇಕಾಯಿತು. ಈ ಜಾಹೀರಾತನ್ನು ಬರೆಸಿದವನು ಒಡೆಯನು. ಅವನ ಉದ್ದೇಶ ಹಿಡಿಯುವುದು. ಸಂಶೋಧಕನು ಅದೇ ಸಾಲುಗಳನ್ನು ಒಡೆಯನ ಕೈಯಿಂದ ಬಿಡಿಸಿ, ಓಡಿದವನ ಕಡೆ ನಿಂತು ಓದಬೇಕು. ಆಗ ‘ಪರಾರಿಯಾದ ಸೊತ್ತು’ ಎಂಬಲ್ಲಿ ಬಿಡುಗಡೆಗೆ ಹಂಬಲಿಸಿದ ಮನುಷ್ಯನೊಬ್ಬನು ಕಾಣುತ್ತಾನೆ.

ಅದೇ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡದ ಈ ಮೊದಲ ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಊರ ವರ್ತಮಾನಗಳು ಊರವರ ನುಡಿಯಲ್ಲೇ ಅಚ್ಚಾಗತೊಡಗಿದವು. ಹೆಸರುಗಳು ಆಂಗ್ಲರ ನಾಲಗೆಯಲ್ಲಿ ತಿರುಚಿಕೊಳ್ಳುವುದು ಅಲ್ಲಿಗೆ ತಪ್ಪಿತು. ಆದರೂ ಒಂದು ರೈತಕುಟುಂಬದ ಏಳು ತಲೆಮಾರನ್ನು ಅಲ್ಲಿ ಹುಡುಕುವವನಿಗೆ ನಿರಾಶೆಯೇ ಗತಿ. ಆ ಕೆಲಸವನ್ನು ಉತ್ತರ ಕರ್ನಾಟಕದಲ್ಲಿ ಹೆಳವರು ಮಾಡುತ್ತ ಬಂದಿದ್ದಾರೆ. ಎತ್ತಿನೊಡನೆ ಊರೂರಿಗೆ ಬಂದು, ಮನೆಯ ಮುಂದೆ ನಿಂತು, ಮನೆತನದ ಹಿರಿಯರ ಹೆಸರುಗಳನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವ ಪರಂಪರೆ ಅವರದು. ಅವರ ಪುಸ್ತಕವೂ ನಿರ್ದುಷ್ಟವಲ್ಲ. ಅದು ಒಕ್ಕಲುಮನೆಗಳ ಪುಸ್ತಕ, ಗಂಡುಪೀಳಿಗೆಯನ್ನೇ ಮುಖ್ಯವಾಗಿ ಹಿಡಿಯುತ್ತದೆ. ಹೆಳವನಲ್ಲಿ ಹೆಸರುಂಟು, ತಾರೀಖು ಸಡಿಲ. ಪತ್ರಿಕೆಯಲ್ಲಿ ತಾರೀಖುಂಟು, ಹೆಸರು ಕೆಲವರದು. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು.

ಆದುದರಿಂದ ಹಳೆಯ ಪತ್ರಿಕೆಯಲ್ಲಿ ಪೂರ್ವಜನ ಹೆಸರು ಸಿಕ್ಕಿದವನು ಅದನ್ನು ಉಯಿಲು, ಸಮಾಧಿಲೇಖ, ಗ್ರಾಮದ ಕಡತಗಳೊಡನೆ ತಾಳೆ ನೋಡದೆ ಒಪ್ಪಬಾರದು. ಸಿಕ್ಕದವನು ತನ್ನವರು ಆ ಕಾಲದಲ್ಲಿ ಇರಲೇ ಇಲ್ಲವೆಂದೋ, ಗಣ್ಯರಲ್ಲವೆಂದೋ ತಿಳಿಯಬಾರದು. ಪತ್ರಿಕೆಯ ಮೌನವು ಪತ್ರಿಕೆಯನ್ನು ಕುರಿತು ಹೇಳುತ್ತದೆಯೇ ಹೊರತು ಮನುಷ್ಯರನ್ನು ಕುರಿತಲ್ಲ. ಸಂಖ್ಯೆಯಾಗಿ ಉಳಿದವರಲ್ಲಿ ಒಬ್ಬನಿಗಾದರೂ ಅವನ ಹೆಸರನ್ನು ಮರಳಿ ಕೊಡಿಸುವ ಸಂಶೋಧನೆ ಸಾರ್ಥಕವಾದ ಸಂಶೋಧನೆ.